ಲ್ಯಾಟಿನ್ನಿನ ಮನೆಗೆ ಬಂದ ಜರ್ಮಾನಿಕ್ ಶಬ್ದಗಳು

ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ರುಮೇನಿಯನ್ ಮೊದಲಾದ ರೊಮಾನ್ಸ್ ಭಾಷೆಗಳೆಲ್ಲ ಲ್ಯಾಟಿನ್ನಿನ ಸಂತತಿ. ರೋಮನರು ಯುದ್ಧಕ್ಕೆ ‘ಬೆಲ್ಲುಮ್’ ಎನ್ನುತ್ತಿದ್ದರು. ಆದರೆ ಫ್ರೆಂಚರು ಯುದ್ಧವನ್ನು ‘ಗೆರ್’ ಎಂದೂ, ಸ್ಪ್ಯಾನಿಷರು ‘ಗೆರ್ರಾ’ ಎಂದೂ, ಇಟಾಲಿಯನ್ನರು ‘ಗ್ವೆರ್ರಾ’ ಎಂದೂ ಕರೆಯುತ್ತಾರೆ. ಇದು ಕಲಹ, ಗೊಂದಲ ಎಂಬ ಅರ್ಥದ ‘ವೆರ್ರಾ’ ಎಂಬ ಜರ್ಮಾನಿಕ್ ಶಬ್ದದಿಂದ ಬಂದದ್ದು. ದಂಡಯಾತ್ರೆಗಳಿಂದಲೇ ಹೆಸರಾದ ರೋಮಿನ ಮಕ್ಕಳು ಯುದ್ಧವೆಂಬ ಶಬ್ದವನ್ನೇ ಅನ್ಯರಿಂದ ಪಡೆದುದು ಸೋಜಿಗವೇ ಸರಿ. ‘ಬೆಲ್ಲುಮ್’ ಎಂಬುದು ‘ಚೆಲುವಾದ’ ಎಂಬರ್ಥದ ‘ಬೆಲ್ಲುಸ್’ ಶಬ್ದದೊಡನೆ ಬೆರೆತು ಗೊಂದಲವಾಗುತ್ತಿತ್ತು, ಆದುದರಿಂದ ಬಿದ್ದುಹೋಯಿತು ಎಂದು ಕೆಲವು ವಿದ್ವಾಂಸರು ಊಹಿಸುತ್ತಾರೆ.

ಕ್ರಿ.ಶ. 476ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯವು ಕುಸಿಯುವ ಹೊತ್ತಿಗೆ ಜರ್ಮಾನಿಕ್ ಪಂಗಡಗಳು ಅದರ ಎಲ್ಲೆಯೊಳಗೆ ನೆಲೆಯೂರಿದ್ದವು. ಗಾಲ್ ದೇಶವು ಫ್ರಾಂಕರ ಪಾಲಾಯಿತು, ಸ್ಪೇನ್ ವಿಸಿಗಾಥರದಾಯಿತು, 568ರಲ್ಲಿ ಲೊಂಬಾರ್ಡರು ಇಟಲಿಯನ್ನು ಹೊಕ್ಕರು. ಗೆದ್ದವರ ನುಡಿಯೇ ಗೆಲ್ಲಬೇಕಿತ್ತು ಎಂದು ನಾವು ಭಾವಿಸುತ್ತೇವೆ. ಹಾಗಾಗಲಿಲ್ಲ. ಅವರ ಸಂಖ್ಯೆ ಕಡಿಮೆ. ಶಾಸನದ ಭಾಷೆ, ಚರ್ಚಿನ ಭಾಷೆ ಎರಡೂ ಲ್ಯಾಟಿನ್. ಫ್ರಾಂಕರ ಸ್ವಂತ ಕಾನೂನೇ ಲ್ಯಾಟಿನ್ನಿನಲ್ಲಿ ಬರೆಯಲ್ಪಟ್ಟಿತು. ಹೆಣ್ಣು ಕೊಟ್ಟು ತಂದು ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಆಳುವವರ ಮಕ್ಕಳು ಆಳಿಸಿಕೊಳ್ಳುವವರ ಮಾತನ್ನೇ ಆಡತೊಡಗಿದರು. ಫ್ರಾಂಕರು ಆ ನಾಡಿಗೆ ‘ಫ್ರಾನ್ಸ್’ ಎಂಬ ಹೆಸರನ್ನೂ ನೂರಾರು ಶಬ್ದಗಳನ್ನೂ ಬಿಟ್ಟು, ತಮ್ಮ ನುಡಿಯನ್ನು ಮಾತ್ರ ಅಲ್ಲಿ ಕಳೆದುಕೊಂಡರು.

ಆ ಶಬ್ದಗಳು ಎಂತಹವು? ಕೆಲವು ಸೈನ್ಯದವು, ಕೆಲವು ಆಸ್ಥಾನದವು. ಬಣ್ಣಗಳ ವಿಷಯ ಮಾತ್ರ ಅಚ್ಚರಿಯದು. ಲ್ಯಾಟಿನ್ನಿನಲ್ಲಿ ಬಿಳುಪಿಗೆ ‘ಆಲ್ಬುಸ್’ ಇತ್ತು. ದೂರದ ರುಮೇನಿಯನ್ ಇಂದಿಗೂ ‘ಆಲ್ಬ್’ ಎನ್ನುತ್ತದೆ. ಉಳಿದವರು ಅದನ್ನು ಬಿಟ್ಟು ಜರ್ಮಾನಿಕ್ ಶಬ್ದವನ್ನು ಹಿಡಿದರು: ಫ್ರೆಂಚಿನ ‘ಬ್ಲಾಂ’, ಇಟಾಲಿಯನ್ನಿನ ‘ಬಿಯಾಂಕೊ’, ಸ್ಪ್ಯಾನಿಷಿನ ‘ಬ್ಲಾಂಕೊ’. ಫ್ರೆಂಚಿನ ನೀಲಿ, ಕಂದು, ಬೂದು ಬಣ್ಣಗಳ ಹೆಸರುಗಳೂ ಅದೇ ದಾರಿಯಲ್ಲಿ ಬಂದವು. ಇಟಾಲಿಯನ್ನಿನಲ್ಲಿ ಕೆನ್ನೆಗೆ ‘ಗ್ವಾಂಚಾ’, ಬೆನ್ನಿಗೆ ‘ಸ್ಕಿಯೆನಾ’ ಎನ್ನುವರು; ಇವು ಲೊಂಬಾರ್ಡರಿಂದ ಬಂದವೆನ್ನುವರು. ಮೈಯ ಅಂಗಗಳ ಹೆಸರು ಸಂತೆಯಲ್ಲಿ ಕೊಳ್ಳುವ ಸರಕಲ್ಲ. ಒಂದೇ ಸೂರಿನಡಿ ಬಾಳಿದವರಷ್ಟೇ ಅಂತಹ ಶಬ್ದಗಳನ್ನು ಕೊಟ್ಟು ಕೊಂಡಾರು ಎಂಬುದು ನಮ್ಮ ಅಭಿಪ್ರಾಯ. ಸ್ಪ್ಯಾನಿಷಿನಲ್ಲಿ ಬಟ್ಟೆಗೆ ‘ರೋಪಾ’ ಎನ್ನುತ್ತಾರೆ. ಅದರ ಮೂಲದಲ್ಲಿ ಕೊಳ್ಳೆಯ ಅರ್ಥವಿದೆ. ಕೊಳ್ಳೆಯಲ್ಲಿ ಸಿಕ್ಕಿದ ಉಡುಪೇ ಮುಂದೆ ಮನೆಮಂದಿಯೆಲ್ಲ ಉಡುವ ಬಟ್ಟೆಯಾಯಿತು.

ಶಬ್ದಗಳಿಗೂ ಬಡ್ತಿಯುಂಟು. ಫ್ರಾಂಕರ ನುಡಿಯಲ್ಲಿ ‘ಮಾರ್ಹ್’ ಎಂದರೆ ಕುದುರೆ, ‘ಸ್ಕಾಲ್ಕ್’ ಎಂದರೆ ಆಳು. ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಆ ಸೇವಕನೇ ಫ್ರೆಂಚಿನಲ್ಲಿ ‘ಮಾರೆಶಾಲ್’ ಆಗಿ, ಕೊನೆಗೆ ಸೇನೆಯ ಅತ್ಯುನ್ನತ ಪದವಿಗೇರಿದನು. ನಮ್ಮ ವಾಯುಪಡೆಯ ಏರ್ ಮಾರ್ಷಲ್ ಎಂಬ ಪದವಿಯೊಳಗೂ ಆ ಕುದುರೆಯಾಳು ಅಡಗಿದ್ದಾನೆ.

ಧ್ವನಿಯ ವಿಚಾರ ಇನ್ನೂ ಸ್ವಾರಸ್ಯಕರ. ಜರ್ಮಾನಿಕ್ ಶಬ್ದಗಳ ಮೊದಲಿನ ‘ವ’ಕಾರವು ಪ್ಯಾರಿಸಿನ ಕಡೆಯ ಬಾಯಲ್ಲಿ ‘ಗ್ವ’ವಾಗಿ, ಅನಂತರ ‘ಗ’ವಾಯಿತು, ಉತ್ತರದ ನಾರ್ಮಂಡಿಯ ಮಾತಿನಲ್ಲಿ ‘ವ’ವಾಗಿಯೇ ಉಳಿಯಿತು. ವಿಲ್‌ಹೆಲ್ಮ್ ಎಂಬವನು ಅಲ್ಲಿ ಗಿಯೋಮ್ ಆದನು, ಇಲ್ಲಿ ವಿಲಿಯಂ ಆಗಿ ಉಳಿದನು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದಾಗ ‘ವ’ಕಾರದ ರೂಪಗಳು ಇಂಗ್ಲಿಷಿಗೆ ಬಂದವು, ಮುಂದೆ ಪ್ಯಾರಿಸಿನ ಮಾತಿಗೆ ಮನ್ನಣೆ ಹೆಚ್ಚಿದಾಗ ‘ಗ’ಕಾರದ ರೂಪಗಳೂ ಬಂದವು. ಹೀಗೆ ವಸತಿನಿಲಯದ ‘ವಾರ್ಡನ್’ ಮತ್ತು ಪ್ರವೇಶಪತ್ರದಲ್ಲಿ ಸಹಿ ಮಾಡುವ ‘ಗಾರ್ಡಿಯನ್’ ಮೂಲದಲ್ಲಿ ಒಂದೇ ಶಬ್ದ. ಮಿಕ್ಸಿ ಕೊಳ್ಳುವಾಗ ‘ವಾರಂಟಿಯೋ ಗ್ಯಾರಂಟಿಯೋ’ ಎಂದು ಅಂಗಡಿಯವನೊಡನೆ ವಾದಿಸುವ ಪೋಷಕರು ಒಂದೇ ಫ್ರಾಂಕ್ ಶಬ್ದದ ಎರಡು ರೂಪಗಳ ನಡುವೆ ನಿಂತಿರುತ್ತಾರೆ.

ಗಡಿಯಲ್ಲಿ ಬಾಳುವ ನಮಗೆ ಇದಕ್ಕಿಂತಲೂ ಮುಖ್ಯವಾದ ಸಂಗತಿ ಬೇರೊಂದಿದೆ. ಫ್ರಾಂಕರ ನುಡಿ ಎಲ್ಲೆಡೆಯೂ ಅಳಿಯಲಿಲ್ಲ. ರೈನ್ ನದಿಯ ಕೆಳದಂಡೆಯಲ್ಲಿ, ಉಳುವವರೂ ಅದನ್ನೇ ಆಡುತ್ತಿದ್ದ ಕಡೆ, ಅದು ಬೆಳೆದು ಇಂದಿನ ಡಚ್ ಭಾಷೆಯಾಯಿತು. ಒಡೆಯರು ಮಾತ್ರ ಆಡುತ್ತಿದ್ದ ತೆಂಕಣ ಸೀಮೆಯಲ್ಲಿ ಕರಗಿತು. ಈ ಎರಡರ ನಡುವಣ ಗೆರೆ ಇಂದಿಗೂ ಬೆಲ್ಜಿಯಂ ದೇಶವನ್ನು ಅಡ್ಡಡ್ಡ ಸೀಳುತ್ತದೆ: ಉತ್ತರಕ್ಕೆ ಡಚ್, ದಕ್ಷಿಣಕ್ಕೆ ಫ್ರೆಂಚ್. 1962–63ರಲ್ಲಿ ಆ ಗೆರೆಯನ್ನು ಕಾನೂನಿನಿಂದ ನಿಗದಿಪಡಿಸಿದರು. ಗೆರೆಯ ಅಂಚಿನ ಕೆಲವು ಊರುಗಳಲ್ಲಿ ಇತರ ಭಾಷಿಕರಿಗೆ ವಿಶೇಷ ಸೌಲಭ್ಯಗಳನ್ನೂ ಕೊಡಬೇಕಾಯಿತು. ಭೂಪಟದ ಗೆರೆಯೂ ಮನೆಮಾತಿನ ಗೆರೆಯೂ ಸರಿಹೊಂದದ ಊರುಗಳ ಪಾಡನ್ನು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ನಮ್ಮ ಮಕ್ಕಳ ಕನ್ನಡದಲ್ಲಿ ಮರಾಠಿ ಬೆರೆತಿದೆ ಎಂದು ಕೆಲವು ಹಳೆಯ ವಿದ್ಯಾರ್ಥಿಗಳು ಕೊರಗುತ್ತಾರೆ. ಮರಾಠಿಯ ಮನೆಗಳಲ್ಲಿ ತುಪ್ಪವು ‘ತೂಪ’ವಾಗಿದೆ, ಅಡಕತ್ತರಿಯು ‘ಅಡಕಿತ್ತಾ’ ಆಗಿದೆ, ಅಕ್ಕ ಅಣ್ಣಂದಿರು ‘ಅಕ್ಕಾ’ ‘ಅಣ್ಣಾ’ ಆಗಿ ನೆಲಸಿದ್ದಾರೆ. ಮರಾಠಿಯು ಇದರಿಂದ ಬಡವಾಗಿಲ್ಲ. ಫ್ರೆಂಚು ನೂರಾರು ಫ್ರಾಂಕ್ ಶಬ್ದಗಳನ್ನು ನುಂಗಿಯೂ ಫ್ರೆಂಚಾಗಿಯೇ ಉಳಿದಿದೆ. ಗಾಲ್ ದೇಶದಲ್ಲಿ ಫ್ರಾಂಕರ ನುಡಿ ಅಳಿದದ್ದು ಎರವಲು ಶಬ್ದಗಳಿಂದಲ್ಲ. ತಂದೆತಾಯಿಗಳು ಮಕ್ಕಳೊಡನೆ ಅದನ್ನು ಆಡುವುದನ್ನು ಬಿಟ್ಟುದರಿಂದ.

ಸಾಮ್ರಾಟ ಶಾರ್ಲಮೇನನ ಮನೆಮಾತು ಫ್ರಾಂಕರ ನುಡಿಯೇ. ಅವನ ಕಾಲದಲ್ಲಿಯೇ, 813ರಲ್ಲಿ ತೂರ್ ನಗರದಲ್ಲಿ ಸೇರಿದ ಧರ್ಮಸಭೆಯು ಉಪದೇಶಗಳನ್ನು ಜನರಿಗೆ ತಿಳಿಯುವಂತೆ ಗ್ರಾಮ್ಯ ರೋಮನ್ ಮಾತಿನಲ್ಲಾಗಲಿ ಜರ್ಮಾನಿಕ್ ಮಾತಿನಲ್ಲಾಗಲಿ ಹೇಳಬೇಕೆಂದು ವಿಧಿಸಿತು. 842ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಅವನ ಇಬ್ಬರು ಮೊಮ್ಮಕ್ಕಳು ಪರಸ್ಪರ ಪ್ರಮಾಣ ಮಾಡಿದರು; ಎದುರಿನ ಸೈನ್ಯಕ್ಕೆ ಅರ್ಥವಾಗಲೆಂದು ಲೂಯಿ ರೊಮಾನ್ಸ್ ಮಾತಿನಲ್ಲಿಯೂ ಚಾರ್ಲ್ಸ್ ಜರ್ಮಾನಿಕ್ ಮಾತಿನಲ್ಲಿಯೂ ಆಣೆಯಿಟ್ಟರು. ಅಜ್ಜನು ತನ್ನ ಮಾತೃಭಾಷೆಯ ವ್ಯಾಕರಣವೊಂದನ್ನು ಆರಂಭಿಸಿದ್ದನೆಂದೂ, ತಿಂಗಳುಗಳಿಗೂ ಗಾಳಿಗಳಿಗೂ ಆ ನುಡಿಯಲ್ಲಿ ಹೆಸರಿಟ್ಟನೆಂದೂ, ಹಿಂದಿನವರ ಹಾಡುಗಳನ್ನು ಬರೆಯಿಸಿದನೆಂದೂ ಅವನ ಚರಿತ್ರೆ ಬರೆದ ಐನ್‌ಹಾರ್ಡ್ ಹೇಳುತ್ತಾನೆ. ತಿಂಗಳುಗಳ ಹೆಸರುಗಳು ಐನ್‌ಹಾರ್ಡನ ಪುಸ್ತಕದಲ್ಲಿ ಉಳಿದಿವೆ. ಆ ವ್ಯಾಕರಣವೂ ಹಾಡುಗಳ ಆ ಸಂಗ್ರಹವೂ ಉಳಿದಿಲ್ಲ.