ಸರ್ವರ್ ಹೂಂ ಅನ್ನದಿದ್ದರೆ

ಡಿಸ್ಕ್ ಕೈಯಲ್ಲಿದ್ದರೂ ಆಟ ಸಾಯಬಹುದು ಎಂದು ನಾನು ನಂಬಿದ್ದು ‘ದಿ ಕ್ರೂ’ ಕಥೆ ಓದಿದ ಮೇಲೆ. 2014ರಲ್ಲಿ ಯೂಬಿಸಾಫ್ಟ್ ತಂದ ಕಾರ್ ಓಟದ ಆಟವದು. ಒಬ್ಬರೇ ಆಡುವುದಕ್ಕೂ ಕಂಪನಿಯ ಸರ್ವರ್ ಹೂಂ ಅನ್ನಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ದುಡ್ಡು ಕೊಟ್ಟು ಕೊಂಡ ಡಿಸ್ಕ್‌ಗಳು ಬರೀ ಬಿಲ್ಲೆಗಳಾದವು.

ಬೀಗ ಒಡೆಯೋಣವೆಂದರೆ ಅಮೆರಿಕದಲ್ಲಿ 1998ರ ಡಿಎಂಸಿಎ ಕಾಯ್ದೆ ಅಡ್ಡ ಬರುತ್ತದೆ. 2015ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಸಣ್ಣ ಕಿಂಡಿಯೊಂದನ್ನು ತೆರೆಯಿತು: ಅನುಮತಿ ಕೊಡುವ ಸರ್ವರ್ ಮುಚ್ಚಿದ್ದರೆ ಆ ಬೀಗ ದಾಟಬಹುದು. 2018ರಲ್ಲಿ ಗ್ರಂಥಾಲಯ, ಮ್ಯೂಸಿಯಂಗಳಿಗೆ ಇನ್ನಷ್ಟು ಸಡಿಲಿಕೆ ಸಿಕ್ಕಿತು. ಆದರೆ ಆಡುವುದು ಅವರ ಕಟ್ಟಡದೊಳಗೇ. (ಪುಸ್ತಕ ಮನೆಗೊಯ್ಯಬಹುದು, ಆಟ ಕೂಡದು!) ‘ದಿ ಕ್ರೂ’ಗೆ ಮೊದಲ ಕಿಂಡಿ ಸಾಲದು, ಅದರ ಅರ್ಧ ಜೀವ ಸರ್ವರ್‌ನಲ್ಲೇ ಇತ್ತು. 2025ರಲ್ಲಿ ಅಭಿಮಾನಿಗಳೇ ಬದಲಿ ಸರ್ವರ್ ಬರೆದು ಅದನ್ನು ಮತ್ತೆ ಓಡಿಸಿದರು.