ಕಲ್ಲಿಗೆ ಅಡ್ಡ ಬೆಳಕು

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿದ್ದೀರಾ? 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಮೇಲೆ ನೋಡಿದರೆ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಎರಡೂ ಮಗ್ಗುಲಲ್ಲಿ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಆದರೆ ಮೂರ್ತಿ ಕೂರಿಸಲೆಂದು ಯಾವ ಕಾಲದಲ್ಲೋ ಯಾರೋ ಕಲ್ಲಿನ ನಡುವೆ ತೂತು ಕೊರೆದಿದ್ದರು. ಅಷ್ಟು ಅಕ್ಷರ ಹೋದವು. ಒಡಿಶಾದ ಧೌಳಿ, ಜೌಗಡಗಳಲ್ಲಿ ಇಂಥದ್ದೇ ಪ್ರತಿಗಳಿದ್ದದ್ದಕ್ಕೆ ಒಂದು ಮಗ್ಗುಲಿನಲ್ಲಿ ಏನಿತ್ತೆಂದು ಊಹಿಸಲು ಸಾಧ್ಯವಾಯಿತು.

ಶಾಸನ ಓದೋರು ಮೊದಲಿಂದ ಮಾಡ್ತಿದ್ದದ್ದು ಪಡಿಯಚ್ಚು. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಕೂರಿಸಿ ಮಸಿ ಹಚ್ಚಿದರೆ ಅಕ್ಷರದ ಗುಳಿ ಬೆಳ್ಳಗೆ ಉಳಿಯುತ್ತೆ. 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ಬೇರೆ ದಾರಿ ತೋರಿಸಿದರು. ಕ್ಯಾಮೆರಾ ಅಲ್ಲಾಡಬಾರದು, ದೀಪ ಮಾತ್ರ ಸುತ್ತ ಜಾಗ ಬದಲಿಸಬೇಕು, ಹೀಗೆ ಹತ್ತಾರು ಫೋಟೊ. ಯಾವ ದಿಕ್ಕಿನ ಬೆಳಕಿಗೆ ಎಷ್ಟು ಹೊಳೆಯಿತು ಅನ್ನೋದನ್ನ ಪ್ರತಿ ಪಿಕ್ಸೆಲ್‌ಗೂ ಆರು ಸಂಖ್ಯೆಗಳಲ್ಲಿ ಹಿಡಿದಿಟ್ಟರೆ, ಆಮೇಲೆ ಪರದೆಯ ಮೇಲೆ ಮೌಸ್‌ನಿಂದಲೇ ಬೆಳಕು ಸರಿಸಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯಂತೂ 2021ರಿಂದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ.

ಸನ್ನತಿ ಕಲ್ಲಿನ ಮೇಲೆ ಪ್ರಯೋಗ ಮಾಡೋ ಧೈರ್ಯ ನನಗೆಲ್ಲಿ? ಶಹಾಬಾದಿನ ನಮ್ಮನೆ ಹಿತ್ತಲ ಹೊಸ್ತಿಲಿಗೆ ಒಂದು ಫರಸಿ ಕಲ್ಲಿದೆ. ಖಣಿಯಲ್ಲಿ ದುಡೀತಿದ್ದ ಅಜ್ಜ ಅದರ ಮೇಲೆ ಏನೋ ಕೆತ್ತಿದ್ದ. ತುಳಿದು ತುಳಿದು ನುಣುಪಾಗಿ, ಈಗ ಯಾರಿಗೂ ಓದಲು ಬರದು. ದಸರಾ ರಜೆಯಲ್ಲಿ ಹಳೇ ವೆಬ್‌ಕ್ಯಾಮ್, ಲ್ಯಾಪ್‌ಟಾಪ್, ಓಪನ್‌ಸಿವಿ ಹಿಡಿದು ಕೂತೆ. ಸೆಕೆಂಡಿಗೆ 30 ಫ್ರೇಮ್, ಒಂದೊಂದರಲ್ಲೂ 640×480, ಅಂದರೆ 3,07,200 ಪಿಕ್ಸೆಲ್.

ಮೊದಲ ರಾತ್ರಿ ದಂಡ. ನಾನು ಬೆಳಕು ತಗ್ಗಿಸಿದಷ್ಟೂ ಕ್ಯಾಮೆರಾ ತಾನೇ ಜಾಣತನ ಮಾಡಿ ಚಿತ್ರವನ್ನು ಬೆಳಗಿಸುತ್ತಿತ್ತು. ಫ್ರೇಮ್‌ಗಳನ್ನು ಒಂದಕ್ಕೊಂದು ಹೋಲಿಸೋದೇ ಆಗಲಿಲ್ಲ. ಮರುದಿನ ಆಟೊ ಎಕ್ಸ್‌ಪೋಶರ್ ಆಫ್ ಮಾಡಿದೆ. ಕತ್ತಲಲ್ಲಿ ಚಿತ್ರದ ತುಂಬ ಕಾಳು ಕಾಳು. ದೀಪವನ್ನು ಒಂದೇ ಕಡೆ ಹಿಡಿದು 30 ಫ್ರೇಮ್‌ಗಳ ಸರಾಸರಿ ತೆಗೆದರೆ ಅದು ಅಡಗಿತು.

ಅವ್ವ ಎದ್ದು ಬಂದಳು. ‘ನಡುರಾತ್ರ್ಯಾಗ ಕಲ್ಲಿಗಿ ಬ್ಯಾಟರಿ ಹಚ್ಚಿ ಏನ್ ಹುಡುಕ್ಲತ್ತೀ?’

ಬ್ಯಾಟರಿಯನ್ನು ಅವಳ ಕೈಗೇ ಕೊಟ್ಟೆ. ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ಮೆಲ್ಲಗೆ ಸರಿಸಿದಳು. ಪರದೆಯ ಮೇಲೆ ನೆರಳು ಎದ್ದವು: 1, 9, 5. ನಾಲ್ಕನೆಯ ಅಂಕಿಯ ಜಾಗದಲ್ಲಿ ಬಾಗಿಲ ಚಿಲಕ ಇಳಿಯೋ ತೂತು.

ಅವ್ವ ಸ್ವಲ್ಪ ಹೊತ್ತು ಪರದೆ ನೋಡಿ ಅಂದಳು: ‘ಆ ತೂತು ನಿಮ್ಮಪ್ಪನೇ ಹೊಡಿಸಿದ್ದು.’