ಖಾಲಿ ಪೀಠ, ತುಂಬಿದ ಮತಗಟ್ಟೆ

2018ರ ಫೆಬ್ರುವರಿಯಲ್ಲಿ ಬೆಂಗಳೂರಿನ ವಕೀಲರು ಸರದಿ ಉಪವಾಸ ಕೂತರು. ಕರ್ನಾಟಕ ಹೈಕೋರ್ಟಿಗೆ ಮಂಜೂರಾದ 62 ನ್ಯಾಯಮೂರ್ತಿ ಹುದ್ದೆಗಳಲ್ಲಿ ಅರ್ಧಕ್ಕೂ ಹೆಚ್ಚು ಖಾಲಿ ಬಿದ್ದಿದ್ದವು. ಹಿಂದಿನ ಅಕ್ಟೋಬರಿನಿಂದ ಕಾಯಂ ಮುಖ್ಯ ನ್ಯಾಯಮೂರ್ತಿಯೂ ಇರಲಿಲ್ಲ. ಮೂರು ತಿಂಗಳು ಕಳೆದು, ಮೇ 12ರಂದು, ವಿಧಾನಸಭೆಗೆ ಮತದಾನ ನಡೆಯಿತು. ರಾಜ್ಯದಲ್ಲಿ ಶೇ 72ರಷ್ಟು ಮತದಾರರು ಮತಗಟ್ಟೆಗೆ ಬಂದರು. ಮೈಸೂರು ಜಿಲ್ಲೆಯ ಮೂಗೂರು ಎಂಬ ಹಳ್ಳಿಯವರು ಮತ ಹಾಕುವ ತಿ. ನರಸೀಪುರ ಕ್ಷೇತ್ರದಲ್ಲಿ ಸಚಿವರಾಗಿದ್ದ ಎಚ್.ಸಿ. ಮಹದೇವಪ್ಪ ಸೋತರು. ಹೈಕೋರ್ಟಿನ ಖಾಲಿ ಹುದ್ದೆಗಳು ಮಾತ್ರ ಎಲ್ಲಿಯೂ ಪ್ರಚಾರದ ಮುಖ್ಯ ವಿಷಯವಾಗಲಿಲ್ಲ.

ಅಮೆರಿಕದಲ್ಲಿ ಹೀಗಲ್ಲ. ಅಲ್ಲಿ ಸುಪ್ರೀಂ ಕೋರ್ಟಿನ ಒಂದೇ ಸ್ಥಾನ ತೆರವಾದರೂ ಅದು ಚುನಾವಣೆಯ ವಿಷಯವಾಗುತ್ತದೆ. ನ್ಯಾಯಪೀಠಕ್ಕೂ ಮತಗಟ್ಟೆಗೂ ಇರುವ ನಂಟನ್ನು ವಿದ್ವಾಂಸರು ಏಳು ದಶಕಗಳಲ್ಲಿ ಹೇಗೆ ನೋಡುತ್ತ ಬಂದರು, ಅವರ ಲೆಕ್ಕ ನಮ್ಮಲ್ಲಿ ಎಷ್ಟರಮಟ್ಟಿಗೆ ಕೂಡುತ್ತದೆ ಎಂಬುದೇ ಈ ಸಮೀಕ್ಷೆಯ ವಸ್ತು.

ಮತ ಹಾಕುವವನ ಲೆಕ್ಕ

ಹಳ್ಳಿಯ ಮತದಾನದ ಅಧ್ಯಯನಕ್ಕೆ ಮೈಸೂರು ಸೀಮೆಯೇ ಒಂದು ತವರು. ಎಂ.ಎನ್. ಶ್ರೀನಿವಾಸ್ ‘ರಾಂಪುರ’ ಎಂದು ಹೆಸರು ಮರೆಸಿ ಬರೆದ ಹಳ್ಳಿ ಈ ಸೀಮೆಯದು. ಆ ಹಳ್ಳಿಯ ಬಗ್ಗೆ 1955ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಬಳಸಿದ ‘ವೋಟ್ ಬ್ಯಾಂಕ್’ ಮುಂದೆ ಎಲ್ಲರ ಬಾಯಿಗೂ ಬಂತು. ಜಾತಿ, ಯಜಮಾನಿಕೆ, ಋಣ ಇವೇ ಜನರನ್ನು ಮತಗಟ್ಟೆಗೆ ಕರೆತರುತ್ತವೆ ಎಂಬುದು ಆ ಕಾಲದ ತಿಳಿವಳಿಕೆ.

1957ರ ತನ್ನ ಪುಸ್ತಕದಲ್ಲಿ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ ಬೇರೊಂದು ಪ್ರಶ್ನೆ ಎತ್ತಿದ. ನನ್ನೊಬ್ಬನ ಮತದಿಂದ ಫಲಿತಾಂಶ ಬದಲಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹಾಗಿರುವಾಗ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲುವುದೇಕೆ? 1968ರಲ್ಲಿ ವಿಲಿಯಂ ರೈಕರ್ ಮತ್ತು ಪೀಟರ್ ಆರ್ಡೆಶುಕ್ ಈ ಲೆಕ್ಕಕ್ಕೆ ‘ಕರ್ತವ್ಯದ ತೃಪ್ತಿ’ಯನ್ನೂ ಸೇರಿಸಿದರು. ಗೆದ್ದರೆ ಸಿಗುವ ಲಾಭ, ನನ್ನ ಮತ ನಿರ್ಣಾಯಕವಾಗುವ ಸಂಭವ, ತಗಲುವ ಖರ್ಚು, ಮತ ಹಾಕಿದ ಸಮಾಧಾನ: ನಾಲ್ಕನ್ನೂ ತೂಗಿ ಜನ ಬರುತ್ತಾರೆ ಎಂದರು.

‘ಸಂಭವ’ ಎಂದರೇನೆಂದು ಮೂಗೂರಿನವರಿಗೆ ವಿವರಿಸಬೇಕಾಗಿಲ್ಲ. ಪಕ್ಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರೆ ಎ.ಆರ್. ಕೃಷ್ಣಮೂರ್ತಿ ಪಡೆದದ್ದು 40,751. ಸೋತವರ ಕಾರಿನ ಚಾಲಕನಿಗೇ ಆ ದಿನ ಮತ ಹಾಕಲು ಆಗಲಿಲ್ಲ ಎಂಬ ಕಥೆ ಇಂದಿಗೂ ಪ್ರತಿ ಚುನಾವಣೆಯಲ್ಲಿ ಓಡಾಡುತ್ತದೆ. ಒಂದು ಮತದಿಂದ ಗೆದ್ದ ಅದೇ ಧ್ರುವನಾರಾಯಣ 2019ರಲ್ಲಿ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ 1,817 ಮತಗಳಿಂದ ಸೋತರು. ಮೂಗೂರು ಇರುವುದು ಆ ಕ್ಷೇತ್ರದಲ್ಲಿಯೇ.

ಪೀಠವೇ ಪ್ರಚಾರವಾದಾಗ

ಡೌನ್ಸ್ ಪುಸ್ತಕ ಬಂದ ವರ್ಷವೇ ರಾಬರ್ಟ್ ಡಾಲ್, ಅಮೆರಿಕದ ಸುಪ್ರೀಂ ಕೋರ್ಟ್ ಬರಿಯ ನ್ಯಾಯಾಲಯವಲ್ಲ, ದೇಶದ ನೀತಿ ರೂಪಿಸುವ ಸಂಸ್ಥೆ ಎಂದು ವಾದಿಸಿದ. ನ್ಯಾಯಮೂರ್ತಿಗಳನ್ನು ಅಧ್ಯಕ್ಷ ಹೆಸರಿಸಿ ಸೆನೆಟ್ ಒಪ್ಪುವ ದೇಶದಲ್ಲಿ ಈ ಮಾತಿಗೆ ತೂಕವಿತ್ತು. ಆದರೂ ಬಹುಕಾಲ ಸಂಶೋಧಕರು ನೋಡಿದ್ದು ಕೋರ್ಟಿನ ಮೇಲೆ ಜನರಿಗೆ ಎಷ್ಟು ಭರವಸೆಯಿದೆ ಎಂಬುದನ್ನು. ಜೇಮ್ಸ್ ಗಿಬ್ಸನ್ ಮತ್ತು ಗ್ರೆಗರಿ ಕಾಲ್ಡೀರಾ 2009ರ ಪುಸ್ತಕದಲ್ಲಿ, ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ನೇಮಕದ ಜಟಾಪಟಿಯನ್ನು ಜನ ಹೇಗೆ ಕಂಡರೆಂದು ಸಮೀಕ್ಷೆಯ ಮೂಲಕ ಅಳೆದರು.

2016ರಲ್ಲಿ ಪ್ರಶ್ನೆಯ ದಿಕ್ಕು ತಿರುಗಿತು. ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ತೀರಿಕೊಂಡರು. ಅವರ ಜಾಗಕ್ಕೆ ಅಧ್ಯಕ್ಷರು ಸೂಚಿಸಿದ ಮೆರಿಕ್ ಗಾರ್ಲೆಂಡ್ ಹೆಸರನ್ನು ಸೆನೆಟ್ ವಿಚಾರಣೆಗೇ ತೆಗೆದುಕೊಳ್ಳದೆ ಸ್ಥಾನವನ್ನು ನವೆಂಬರ್ ಚುನಾವಣೆ ಮುಗಿಯುವವರೆಗೆ ಖಾಲಿ ಇಟ್ಟಿತು. ಮತಗಟ್ಟೆ ಸಮೀಕ್ಷೆಯಲ್ಲಿ ಶೇ 21ರಷ್ಟು ಜನ ನ್ಯಾಯಮೂರ್ತಿ ನೇಮಕವೇ ತಮಗೆ ಅತಿ ಮುಖ್ಯ ಎಂದರು; ಅವರಲ್ಲಿ ಶೇ 56ರಷ್ಟು ಮಂದಿ ಟ್ರಂಪ್‌ಗೆ ಮತ ಹಾಕಿದ್ದರು. 2020ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡಾಗ ಡೆಮಾಕ್ರಾಟರಿಗೆ ಒಂದೆರಡು ದಿನದೊಳಗೆ ಕೋಟಿಗಟ್ಟಲೆ ಡಾಲರ್ ದೇಣಿಗೆ ಹರಿದುಬಂತು. ಆ ವರ್ಷದ ಮತದಾನ ಶೇ 66ರ ಸುಮಾರು, ಒಂದು ಶತಮಾನಕ್ಕೂ ಹೆಚ್ಚಿನ ಅವಧಿಯ ಗರಿಷ್ಠ. ಕೋವಿಡ್, ಅಂಚೆ ಮತ, ಟ್ರಂಪ್ ಪರ-ವಿರೋಧ ಎಲ್ಲ ಬೆರೆತಿದ್ದ ವರ್ಷವದು. ಖಾಲಿ ಸ್ಥಾನದ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಈ ಸಂಶೋಧನೆಯ ಉದ್ದಕ್ಕೂ ಕಾಡುವ ತೊಡಕೇ ಇದು.

ನ್ಯಾಯಮೂರ್ತಿಗಳನ್ನು ಜನರೇ ಆರಿಸುವ ಕಡೆ ಚಿತ್ರ ತುಸು ಸ್ಪಷ್ಟ. ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಯೊಬ್ಬರು ಮತ್ತೆ ಸ್ಪರ್ಧಿಸದೆ ಬಿಟ್ಟ ಸ್ಥಾನಕ್ಕೆ 2023ರ ಏಪ್ರಿಲಿನಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. 2025ರಲ್ಲಿ ಅಂಥದೇ ಇನ್ನೊಂದು ಸ್ಥಾನಕ್ಕೆ 23 ಲಕ್ಷ ದಾಟಿತು. ಗರ್ಭಪಾತದ ಹಕ್ಕು, ಕ್ಷೇತ್ರಗಳ ಗಡಿ ಆ ಒಬ್ಬರ ಮೇಲೆ ನಿಂತಿವೆಯೆಂದು ಜನರಿಗೆ ಗೊತ್ತಿತ್ತು. ಅದೇ 2025ರ ಜೂನಿನಲ್ಲಿ ಮೆಕ್ಸಿಕೊ ದೇಶದಾದ್ಯಂತ ನ್ಯಾಯಾಧೀಶರ ಚುನಾವಣೆ ನಡೆಸಿದಾಗ ಬಂದವರು ಶೇ 13ರಷ್ಟು ಮಾತ್ರ. ಗುರುತೇ ಇಲ್ಲದ ಹೆಸರುಗಳ ಉದ್ದ ಪಟ್ಟಿ ಯಾರನ್ನೂ ಮನೆಯಿಂದ ಹೊರಡಿಸಲಿಲ್ಲ. ಹುದ್ದೆ ಖಾಲಿಯಾದರೆ ಸಾಲದು, ಅದು ತುಂಬಿದರೆ ತನಗೇನು ಎಂಬುದು ಮತದಾರನಿಗೆ ಕಾಣಬೇಕು.

1973ರ ಒಂದು ತೆರವು

ಭಾರತದಲ್ಲಿ ಇಂಥ ನಂಟು ಒಮ್ಮೆ ಕಣ್ಣಿಗೆ ಬಿದ್ದಿತ್ತು. ಅದರ ಎರಡು ತುದಿಯಲ್ಲೂ ಕನ್ನಡ ನೆಲವಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಮೊಕದ್ದಮೆಯಲ್ಲಿ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು, ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿ ಹಾಕಿ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ನಿವೃತ್ತರಾದ ಕೂಡಲೇ ಸರ್ಕಾರ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ನೇಮಿಸಿತು. ದಾಟಿಸಿಕೊಂಡವರಲ್ಲಿ ಕರಾವಳಿಯ ಕೆ.ಎಸ್. ಹೆಗ್ಡೆ ಒಬ್ಬರು. ಮೂವರೂ ರಾಜೀನಾಮೆ ಕೊಟ್ಟರು.

ತುರ್ತು ಪರಿಸ್ಥಿತಿ ಸಡಿಲಗೊಂಡು 1977ರ ಚುನಾವಣೆ ಬಂದಾಗ ಹೆಗ್ಡೆ ಬೆಂಗಳೂರು ದಕ್ಷಿಣದಲ್ಲಿ ಜನತಾ ಅಭ್ಯರ್ಥಿಯಾಗಿ ನಿಂತು ಗೆದ್ದರು, ಮುಂದೆ ಲೋಕಸಭೆಯ ಸ್ಪೀಕರ್ ಆದರು. ದೇಶದ ಮತದಾನ 1971ರ ಶೇ 55ರಿಂದ ಶೇ 60ಕ್ಕೆ ಏರಿತ್ತು. ಆ ಏರಿಕೆಯನ್ನು ಹೆಗ್ಡೆಯವರಿಗಾದ ಅನ್ಯಾಯದ ಲೆಕ್ಕಕ್ಕೆ ಬರೆಯಲಾಗದು. ಜನರ ಸಿಟ್ಟು ಸೆರೆಮನೆ, ಸಂತಾನಹರಣದ ಮೇಲಿತ್ತು. ಅಲ್ಲದೆ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಆದರೂ ನ್ಯಾಯಮೂರ್ತಿಯ ನೇಮಕ ಇಲ್ಲಿ ಮತಯಾಚನೆಯ ಮಾತಾದ ಅಪರೂಪದ ಸಂದರ್ಭ ಅದು.

ನೇಮಕದ ಮಾತು ಮತದಾರನ ಕೈಗೆ ಸಿಗದಷ್ಟು ದೂರ ಸರಿದದ್ದು ಆಮೇಲೆ. ಸುಪ್ರೀಂ ಕೋರ್ಟಿನ 1993ರ ತೀರ್ಪು ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂಗೆ ಮೇಲುಗೈ ಕೊಟ್ಟಿತು. ಸಂಸತ್ತು ತಂದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕೊಲಿಜಿಯಂ ಶಿಫಾರಸು ಮಾಡಬೇಕು, ಕೇಂದ್ರ ಒಪ್ಪಬೇಕು. ಹುದ್ದೆ ಖಾಲಿ ಬಿದ್ದರೆ ಯಾರನ್ನು ಸೋಲಿಸಬೇಕೆಂದು ಮತದಾರನಿಗೆ ತಿಳಿಯದು. ಜನ ಸಿಟ್ಟಾಗುವುದು ಕಣ್ಣೆದುರಿನ ಕೊರತೆಗೆ. ಚಾಮರಾಜನಗರ ಕ್ಷೇತ್ರದಲ್ಲೇ 2024ರ ಏಪ್ರಿಲಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದವರು ಮೂಲ ಸೌಕರ್ಯ ಇಲ್ಲವೆಂದು ಮತದಾನ ಬಹಿಷ್ಕರಿಸಿದರು, ಮತಗಟ್ಟೆ ಧ್ವಂಸವಾಯಿತು. ಮರುಮತದಾನಕ್ಕೆ 528 ಮತದಾರರಲ್ಲಿ ಬಂದವರು 71 ಮಂದಿ.

ನಮ್ಮಲ್ಲಿ ನಂಟು ಇರುವ ಜಾಗ

ಹಾಗಾದರೆ ಖಾಲಿ ಪೀಠಕ್ಕೂ ನಮ್ಮ ಮತಕ್ಕೂ ಸಂಬಂಧವೇ ಇಲ್ಲವೇ? ಇದೆ, ಆದರೆ ಮತದಾನದ ಶೇಕಡಾವಾರಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ; ಅದಿರುವುದು ಹೈಕೋರ್ಟಿಗೆ ಹೋಗುವ ಚುನಾವಣಾ ವ್ಯಾಜ್ಯಗಳಲ್ಲಿ. 1966ರ ತಿದ್ದುಪಡಿ ಚುನಾವಣಾ ನ್ಯಾಯಮಂಡಳಿಗಳನ್ನು ತೆಗೆದು ಶಾಸಕರ, ಸಂಸದರ ಆಯ್ಕೆಯ ತಕರಾರನ್ನು ಹೈಕೋರ್ಟಿಗೆ ಒಪ್ಪಿಸಿತು. ತಕರಾರಿರುವವರು ಫಲಿತಾಂಶ ಬಂದ 45 ದಿನದೊಳಗೆ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಒಬ್ಬರೇ ನ್ಯಾಯಮೂರ್ತಿ ಸಾಕ್ಷಿಗಳನ್ನು ಕರೆಸಿ, ಪಾಟೀ ಸವಾಲು ನಡೆಸಿ, ದಾಖಲೆ ನೋಡಿ ತೀರ್ಪು ಕೊಡಬೇಕು. ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಅರ್ಧ ಪೀಠ ಖಾಲಿಯಿರುವಾಗ ಇಂಥ ವಿಚಾರಣೆಗೆ ಜಾಮೀನು, ಮೇಲ್ಮನವಿ, ರಿಟ್ ಅರ್ಜಿಗಳ ನಡುವೆಯೇ ಸಮಯ ಹುಡುಕಿಕೊಳ್ಳಬೇಕು.

ಹಾಸನದಲ್ಲಿ 2019ರಲ್ಲಿ ಗೆದ್ದ ಪ್ರಜ್ವಲ್ ರೇವಣ್ಣ ಆಯ್ಕೆಯನ್ನು ಹೈಕೋರ್ಟ್ ರದ್ದು ಮಾಡಿದ್ದು 2023ರ ಸೆಪ್ಟೆಂಬರ್ 1ರಂದು; ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಅಷ್ಟರಲ್ಲಿ ಅವಧಿ ಮುಗಿಯುತ್ತ ಬಂದಿತ್ತು. ಮಸ್ಕಿಯಲ್ಲಿ 2018ರಲ್ಲಿ ಪ್ರತಾಪಗೌಡ ಪಾಟೀಲ 213 ಮತಗಳಿಂದ ಗೆದ್ದಾಗ ಎದುರಾಳಿ ಹೈಕೋರ್ಟಿಗೆ ಹೋದರು. 2019ರ ಜುಲೈಯಲ್ಲಿ ಶಾಸಕರ ಅನರ್ಹತೆಯಿಂದ 17 ಸ್ಥಾನ ತೆರವಾದರೂ ಡಿಸೆಂಬರಿನಲ್ಲಿ ಉಪಚುನಾವಣೆ ನಡೆದದ್ದು 15ಕ್ಕೆ. ತಕರಾರು ಅರ್ಜಿ ಬಾಕಿಯಿದ್ದ ಕಾರಣಕ್ಕೆ ಮಸ್ಕಿ ಮತ್ತು ರಾಜರಾಜೇಶ್ವರಿನಗರ ಹೊರಗುಳಿದವು. ರಾಜರಾಜೇಶ್ವರಿನಗರಕ್ಕೆ 2020ರ ನವೆಂಬರಿನಲ್ಲಿ, ಮಸ್ಕಿಗೆ 2021ರ ಏಪ್ರಿಲಿನಲ್ಲಿ ಮತದಾನವಾಯಿತು. ಕೋವಿಡ್ ಕೂಡ ತಡಮಾಡಿತೆನ್ನಿ. ಮಸ್ಕಿಯ ಜನ ಇಪ್ಪತ್ತು ತಿಂಗಳು ಶಾಸಕನಿಲ್ಲದೆ ಕಳೆದರೂ ಶೇ 70ರ ಸುಮಾರು ಮತ ಹಾಕಿದರು. ರಾಜರಾಜೇಶ್ವರಿನಗರದಲ್ಲಿ ಶೇ 45. ಎರಡೂ ಕಡೆ ಕೋರ್ಟಿನ ತಡ ಒಂದೇ ಬಗೆಯದು, ಮತದಾನದ ಅಂತರ ಹಳ್ಳಿಗೂ ನಗರಕ್ಕೂ ಮೊದಲಿನಿಂದ ಇರುವ ಅಂತರ.

ನಂಜನಗೂಡಿನ ಉದಾಹರಣೆ ಪಕ್ಕದಲ್ಲಿಟ್ಟು ನೋಡಿ. ವಿ. ಶ್ರೀನಿವಾಸ ಪ್ರಸಾದ್ 2016ರ ಅಕ್ಟೋಬರಿನಲ್ಲಿ ಶಾಸಕ ಸ್ಥಾನ ಬಿಟ್ಟರು, 2017ರ ಏಪ್ರಿಲ್ 9ರಂದು ಉಪಚುನಾವಣೆ ನಡೆಯಿತು. ಕೆಲವು ವಿನಾಯಿತಿ ಬಿಟ್ಟರೆ ಆರು ತಿಂಗಳೊಳಗೆ ತುಂಬಬೇಕೆಂದು ಕಾನೂನು ಹೇಳುತ್ತದೆ. ನ್ಯಾಯಮೂರ್ತಿ ಹುದ್ದೆಗೂ ಆರು ತಿಂಗಳು ಮೊದಲೇ ಹೆಸರು ಕಳಿಸಬೇಕೆಂಬ ಕ್ರಮವಿದೆ. ಕಳಿಸದಿದ್ದರೆ ಯಾರೂ ಕೇಳುವುದಿಲ್ಲ.

ಹೈಕೋರ್ಟಿನ ಬಾಗಿಲು ಹಳ್ಳಿಯ ಮತಕ್ಕೂ ತಾಗುತ್ತದೆ. ಕೋವಿಡ್ ನೆಪದಲ್ಲಿ ನಿಂತಿದ್ದ ಗ್ರಾಮ ಪಂಚಾಯಿತಿ ಚುನಾವಣೆ 2020ರ ಡಿಸೆಂಬರಿನಲ್ಲಿ ನಡೆದದ್ದು ಹೈಕೋರ್ಟ್ ಆದೇಶದ ಮೇಲೆ. ಮತದಾನ ಶೇ 80 ದಾಟಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಗತಿ ಬೇರೆ. 2016ರ ಫೆಬ್ರುವರಿಯಲ್ಲಿ ಆರಿಸಿದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಸರ್ಕಾರ ಎಳೆಯಿತು, ಹೈಕೋರ್ಟಿನಲ್ಲಿ ವ್ಯಾಜ್ಯ ಸಾಗಿತು, 2025ರ ನಡುವಿಗೂ ಚುನಾವಣೆ ಆಗಿರಲಿಲ್ಲ. ತಡದ ಮುಖ್ಯ ಹೊಣೆ ಸರ್ಕಾರದ್ದೇ. ಅದನ್ನು ಬೇಗ ಕೇಳಿ ಮುಗಿಸಬೇಕಾದ ಪೀಠದಲ್ಲಿ ಆಳು ಕಡಿಮೆಯಿದ್ದಷ್ಟೂ ಎಳೆಯುವವರಿಗೆ ಅನುಕೂಲ. 2016ರ ನಂತರ ಪಟ್ಟಿಗೆ ಸೇರಿದ ಮೂಗೂರಿನ ಮತದಾರರಿಗೆ ಅಷ್ಟು ವರ್ಷವೂ ಜಿಲ್ಲಾ ಪಂಚಾಯಿತಿಗೆ ಒಮ್ಮೆಯೂ ಮತ ಹಾಕಲಾಗಲಿಲ್ಲ.

ಅಮೆರಿಕದ ಸಂಶೋಧಕರು ಕೇಳುವುದು ಖಾಲಿ ಸ್ಥಾನ ಎಷ್ಟು ಜನರನ್ನು ಮತಗಟ್ಟೆಗೆ ತಂದಿತು ಎಂದು. ಕರ್ನಾಟಕದಲ್ಲಿ ಆ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಸೊನ್ನೆ. ಇಲ್ಲಿ ಅಳೆಯಬೇಕಾದದ್ದು ದಿನಗಳನ್ನು: ಚುನಾವಣಾ ತಕರಾರು ತೀರಲು ಹಿಡಿದ ದಿನ, ಶಾಸಕನಿಲ್ಲದೆ ಕಳೆದ ದಿನ, ಪಂಚಾಯಿತಿಗೆ ಆಡಳಿತಾಧಿಕಾರಿಯೇ ಗತಿಯಾದ ದಿನ, ಜೊತೆಗೆ ಆ ದಿನಗಳಲ್ಲಿ ಪೀಠದಲ್ಲಿದ್ದ ನ್ಯಾಯಮೂರ್ತಿಗಳ ಸಂಖ್ಯೆ. ಇವೆಲ್ಲ ಸರ್ಕಾರಿ ದಾಖಲೆಗಳಲ್ಲಿ ಚದುರಿ ಬಿದ್ದಿವೆ. ಕ್ಷೇತ್ರವಾರು ಒಟ್ಟುಗೂಡಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ರಾಜ್ಯಶಾಸ್ತ್ರ ವಿಭಾಗಗಳು ಕೈಗೆತ್ತಿಕೊಂಡರೆ ಈ ಅಧ್ಯಯನಕ್ಕೆ ಇಲ್ಲಿಯದೇ ಆದ ಮುಂದಿನ ಹೆಜ್ಜೆ ಸಿಗುತ್ತದೆ.